ಮಾವ ಮುಕ್ತಿ ಕೊಟ್ಟ ಮೀನುಗಳು

ನನ್ನ ಸೋದರಮಾವ ಹುಟ್ಟಿದಾಗಿನಿಂದ ಒಂದೇ ಒಂದು ಮೀನನ್ನೂ ಕೊಂದವನಲ್ಲ. ಇದು ನನ್ನ ಮಾತಲ್ಲ, ಅವನದೇ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ನಿಲ್ಲಿಸಿಯೂ ಹೇಳುತ್ತಿದ್ದ. ನಮ್ಮ ಮನೆಯಲ್ಲಂತೂ ಅಪ್ಪ ಕೆರೆಯಿಂದ ಬಂದು ಮೀನಿನ ಬುಟ್ಟಿ ಇಳಿಸುವ ಹೊತ್ತಿಗೆ ಸರಿಯಾಗಿ ಅವನಿಗೆ ಈ ಮಾತು ನೆನಪಾಗುತ್ತಿತ್ತು. ಅಪ್ಪನದು ಕೆರೆಗೆ ಬಲೆ ಹಾಕುವ ಕಸುಬು. ಹಿಡಿದದ್ದನ್ನು ಅಮ್ಮ ಮಾರುಕಟ್ಟೆಯಲ್ಲಿ ಮಾರುತ್ತಿದ್ದಳು. ನಾವು ಉಂಡದ್ದು, ಉಟ್ಟದ್ದು, ಓದಿದ್ದು ಎಲ್ಲ ಆ ಬುಟ್ಟಿಯಿಂದಲೇ.

"ಭಾವ, ಪಾಪ, ಅವುಗಳ ಕಣ್ಣು ನೋಡಿ ಸ್ವಲ್ಪ" ಎಂದು ಮಾವ ಬುಟ್ಟಿಗೆ ಬಗ್ಗುತ್ತಿದ್ದ.

"ನಾನು ಅದರ ಕಣ್ಣು ನೋಡ್ತಾ ಕೂತ್ರೆ ನಿಮ್ಮಕ್ಕನ ಹೊಟ್ಟೆ ಯಾರಯ್ಯ ನೋಡ್ತಾರೆ?" ಎನ್ನುತ್ತಿದ್ದ ಅಪ್ಪ.

ಅಮ್ಮ ಮಾತ್ರ ತಮ್ಮನ ಪರ. ಅವನದು ಹೂವಿನಂಥ ಮನಸ್ಸು ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹೂವಿನಂಥ ಮನಸ್ಸಿನವರು ಎಷ್ಟು ದುಬಾರಿ ಬೀಳುತ್ತಾರೆ ಎಂಬುದು ಅವಳಿಗೆ ಆಗಿನ್ನೂ ಗೊತ್ತಿರಲಿಲ್ಲ.

ಮಾವನ ಕಸುಬೂ ಮೀನಿನದೇ, ಆದರೆ ಗಾಜಿನೊಳಗಿನ ಮೀನಿನದು. ಅಂದಕ್ಕೆಂದು ಮನೆ, ಹೋಟೆಲು, ಕ್ಲಿನಿಕ್ಕುಗಳಲ್ಲಿ ಇಟ್ಟುಕೊಂಡ ಅಕ್ವೇರಿಯಂಗಳನ್ನು ತೊಳೆಯುವುದು ಅವನ ಕೆಲಸ. ಸೈಕಲ್ಲಿಗೆ ಎರಡು ಬಕೆಟ್ಟು, ಹೆಗಲಿಗೆ ಸುತ್ತಿದ ಪೈಪು, ಗಾಜು ಉಜ್ಜುವ ಸ್ಪಂಜು. ಪೈಪಿನ ತುದಿಯನ್ನು ಬಾಯಿಗಿಟ್ಟು ಎಳೆದರೆ ಕೊಳೆನೀರು ಹೊರಗೆ ಹರಿಯತೊಡಗುತ್ತದೆ. ಒಂದು ಗುಟುಕು ಬಾಯಿಗೂ ಬರುತ್ತದೆ. ಉಳ್ಳವರ ಮನೆಯ ಮೀನುಗಳ ಮಲ ಎಂಥ ರುಚಿ ಎಂಬುದನ್ನು ಊರಿನಲ್ಲಿ ಅವನೊಬ್ಬನೇ ಬಲ್ಲ.

ಈ ತೊಟ್ಟಿಗಳಲ್ಲಿ ಸಕ್ಕರ್ ಮೀನು ಎಂಬುದೊಂದು ಇರುತ್ತದೆ. ಬಾಯನ್ನು ಗಾಜಿಗೆ ಅಂಟಿಸಿಕೊಂಡು ಪಾಚಿ ತಿನ್ನುತ್ತದೆ. ದೂರದ ಬಿಸಿ ನಾಡಿನ ನದಿಗಳದು. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಮುದ್ದಾಗಿ. ಆಮೇಲೆ ಮೊಳದುದ್ದ ಬೆಳೆಯುತ್ತದೆ. ಇದನ್ನು ಅಂಗಡಿಯವನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಒಂದು ದಿನ ಅದು ಬಾಲ ಆಡಿಸಿ ತೊಟ್ಟಿಯೊಳಗಿನ ಪ್ಲಾಸ್ಟಿಕ್ ಅರಮನೆಯನ್ನು ಕೆಡವಿದಾಗ ಮನೆಯವರು ಮಾವನನ್ನು ಕರೆಯುತ್ತಿದ್ದರು. "ಇದನ್ನ ಎಲ್ಲಾದ್ರೂ ಬಿಟ್ಬಿಡಪ್ಪ. ಆದ್ರೆ ಕೊಲ್ಲಬೇಡ, ನಮ್ಮ ಕೈಲಿ ನೋಡೋಕಾಗಲ್ಲ." ಕರುಣೆ ಅವರದು, ಜಾಗ ಇನ್ನೊಬ್ಬರದು.

ಮಾವ ಅದನ್ನು ಬಕೆಟ್ಟಿನಲ್ಲಿ ಕೆರೆಗೆ ಒಯ್ಯುತ್ತಿದ್ದ. ಸುಮ್ಮನೆ ಸುರಿದು ಬರುವ ಪೈಕಿ ಅಲ್ಲ ಅವನು. ಮೀನನ್ನು ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೆರೆಯ ತಂಪು ಮೈಗೆ ಒಗ್ಗಲಿ ಎಂದು ಚೀಲವನ್ನು ತೇಲಿಬಿಟ್ಟು ದಂಡೆಯಲ್ಲಿ ಕಾಯುತ್ತಿದ್ದ. ಆಮೇಲೆ ಚೀಲದ ಬಾಯಿ ಬಿಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ನಾಲ್ಕು ಬುದ್ಧಿಮಾತು ಹೇಳಿ ಬಿಡುತ್ತಿದ್ದ. ಅದೂ ಅಪ್ಪ ಬಲೆ ಹಾಕುವ ಕಡೆಯಲ್ಲ, ಎದುರು ದಂಡೆಯಲ್ಲಿ. ಭಾವನ ಬಲೆಗೆ ಬೀಳಬಾರದಲ್ಲ! ಕೆರೆಯ ಮಧ್ಯೆ ಗೋಡೆ ಇದೆ ಎಂದುಕೊಂಡಿದ್ದನೋ ಏನೋ.

ಇವುಗಳಲ್ಲಿ ಅವನಿಗೆ ತೀರಾ ಬೇಕಾದದ್ದೊಂದಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದ ಸಕ್ಕರ್. ತೊಟ್ಟಿಯ ಮುಚ್ಚಳ ಬಿದ್ದು ಅದರ ಬಾಲದ ಮೇಲರ್ಧ ತುಂಡಾಗಿತ್ತು. ಮಾವ ಔಷಧಿ ಹಾಕಿ ಬದುಕಿಸಿ ಅದಕ್ಕೆ "ಡಾಕ್ಟರ್" ಎಂದೇ ಹೆಸರಿಟ್ಟ. ಅದು ಬೆಳೆದು ದಪ್ಪಗಾಗಿ, ಹಲ್ಲು ನೋವಿನವರು ಅದರ ಮುಖ ಕಂಡು ಇನ್ನಷ್ಟು ಕಂಗಾಲಾಗತೊಡಗಿದ ಮೇಲೆ ಡಾಕ್ಟರರು ಡಾಕ್ಟರನ್ನು ಹೊರಹಾಕಿದರು. ಅದೂ ಕೆರೆ ಸೇರಿತು. ಅವತ್ತು ಮಾವ ಊಟ ಬಿಟ್ಟಿದ್ದ.

ಕೆಲವು ವರ್ಷಗಳಾದ ಮೇಲೆ ಅಪ್ಪನ ಬಲೆಗೆ ಒಂದು ವಿಚಿತ್ರ ಮೀನು ಬಿತ್ತು. ಕಪ್ಪು ಮೈ, ಹಲಗೆಯಂಥ ಗಟ್ಟಿ ಚರ್ಮ, ಮುಳ್ಳಿನ ರೆಕ್ಕೆ. ಮೊದಲು ಅಪ್ಪ ಎಲ್ಲರನ್ನೂ ಕರೆದು ಕರೆದು ತೋರಿಸಿದ. ಬರಬರುತ್ತಾ ಬಲೆಯ ತುಂಬ ಅದೇ. ಮುಳ್ಳು ಎಳೆಗಳಿಗೆ ಸಿಕ್ಕಿಕೊಂಡರೆ ಬಲೆಯನ್ನೇ ಕತ್ತರಿಸಬೇಕು. ಕೊಳ್ಳುವವರಿಲ್ಲ, ಅದನ್ನು ಹೆಚ್ಚಲು ಅಡುಗೆಮನೆಯ ಚಾಕು ಸಾಲದು, ಬಡಗಿಯ ಗರಗಸ ಬೇಕು. ಕೆರೆಯ ಸ್ವಂತ ಮೀನುಗಳು ಮೊಟ್ಟೆಯಿಟ್ಟಲ್ಲೆಲ್ಲ ಇವುಗಳ ಬಾಯಿ. ದಂಡೆಗೆ ಬಿಲ ತೋಡಿ ತೋಡಿ ಮಣ್ಣು ಕುಸಿಯತೊಡಗಿತು. ಅಮ್ಮನ ಬುಟ್ಟಿಯಲ್ಲಿ ತಳ ಕಾಣಿಸತೊಡಗಿತು. ಇನ್ನೊಂದು ವರ್ಷ ಹೀಗೇ ಆದರೆ ಕೆರೆ ಬಿಡಬೇಕಾಗುತ್ತದೆ ಎಂದು ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

ಸಂಜೆ ಹರಿದ ಬಲೆ ಹೆಣೆಯಲು ಜೊತೆಗೆ ಕೂರುತ್ತಿದ್ದವನು ಯಾರು ಅಂತೀರಿ? ನಮ್ಮ ಮಾವನೇ. ಅವನಿಗೆ ಆ ಮೀನಿನ ಗುರುತು ಸಿಗಲಿಲ್ಲವೇ? ಸಿಗದೆ ಏನು! ಆದರೆ ಅವನ ಲೆಕ್ಕ ಬೇರೆ. ಅವನು ಬಿಟ್ಟವು ಒಳ್ಳೆಯ ಮನೆತನದಲ್ಲಿ ಬೆಳೆದವು, ಇಂಥ ಪುಂಡಾಟ ಮಾಡುವವಲ್ಲ. "ಪ್ರವಾಹದಲ್ಲಿ ಬಂದಿರ್ಬೇಕು ಭಾವ" ಎಂದು ನಿಟ್ಟುಸಿರು ಬಿಡುತ್ತಿದ್ದ. "ನೋಡ್ರೀ, ನಮ್ಮ ಕಷ್ಟಕ್ಕೆ ಎಷ್ಟು ಮರುಗ್ತಾನೆ" ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪನ ಜೊತೆಗಾರ ಬೇಸತ್ತು ಕೆರೆ ಬಿಟ್ಟಿದ್ದರಿಂದ ಒಂದು ಬೆಳಿಗ್ಗೆ ಬಲೆ ಎಳೆಯಲು ಮಾವ ಬಂದ. ಅಮ್ಮನೂ ನಾನೂ ದಂಡೆಯಲ್ಲಿದ್ದೆವು. ಬಲೆ ಮೇಲೆ ಬಂತು. ಕರಿಯ ರಾಶಿಯ ನಡುವೆ ಎಲ್ಲಕ್ಕಿಂತ ದೊಡ್ಡದೊಂದು ಒದ್ದಾಡುತ್ತಿತ್ತು, ಅರ್ಧ ಬಾಲದ್ದು. ಮಾವನ ಮುಖ ಅರಳಿಬಿಟ್ಟಿತು.

"ಅಯ್ಯೋ ಡಾಕ್ಟರೇ! ಬದುಕಿದೀರಾ? ಎಷ್ಟು ದಪ್ಪ ಆಗಿದೀರಿ!"

ಅಪ್ಪ ಅವನ ಕಡೆ ತಿರುಗಿ ಕೇಳಿದ, "ಯಾರಯ್ಯ ಡಾಕ್ಟರು?"

ತಾನೇನು ಅಂದೆನೆಂಬುದು ಮಾವನಿಗೆ ಆಗ ಹೊಳೆಯಿತು. ಒಂದೊಂದಾಗಿ ಎಲ್ಲ ಹೊರಬಂತು, ಬಕೆಟ್ಟು, ಚೀಲ, ಎದುರು ದಂಡೆ.

"ನಮ್ಮ ಹೊಟ್ಟೆ ಮೇಲೆ ಹೊಡೆದವನು ನೀನೇನೋ?" ಎಂದಳು ಅಮ್ಮ. ಅವಳು ಅವನ ಮೇಲೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೊಲ್ಲೋಕೆ ಮನಸ್ಸು ಬರ್ಲಿಲ್ಲ ಅಕ್ಕಾ..." ಎಂದ ಮಾವ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಇಲ್ಲ, ಅಪ್ಪನ ಕೈ ಹಿಡಿದುಕೊಂಡ. "ಭಾವ, ನಿಮ್ಮ ದಮ್ಮಯ್ಯ, ಇದೊಂದನ್ನ ಬಿಟ್ಬಿಡಿ. ಇದೊಂದೇ."

ಅಪ್ಪ ಕೈ ಬಿಡಿಸಿಕೊಂಡು ದೊಣ್ಣೆಯಿಂದ ಮೀನಿನ ತಲೆಗೆ ಒಂದೇ ಏಟು ಹಾಕಿದ. ಹೊಟ್ಟೆ ಸೀಳಿದ. ಒಳಗೆಲ್ಲ ಮೊಟ್ಟೆ, ಕಿತ್ತಳೆ ಬಣ್ಣದ ಮಣಿಗಳ ಹಾಗೆ ಒತ್ತೊತ್ತಾಗಿ. ಬೊಗಸೆ ತುಂಬ ತೆಗೆದು ಮಾವನ ಅಂಗೈಗೆ ಸುರಿದ.

"ಇದೊಂದೇ ಅಂದ್ಯಲ್ಲ, ಇದರಲ್ಲಿ ಯಾವುದಯ್ಯ ಆ ಒಂದು?"

ಆ ವರ್ಷವೇ ಅಪ್ಪ ಕೆರೆ ಬಿಟ್ಟ. ಆ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಕೊಟ್ಟವನು ಮಾವನೇ. ಇಬ್ಬರೂ ಸೇರಿ ಅಕ್ವೇರಿಯಂ ತೊಳೆಯತೊಡಗಿದರು. ಇಡೀ ಕೆರೆಯ ಆಳ ಬಲ್ಲ ಅಪ್ಪ ಮಂಡಿಯೂರಿ ಗಾಜಿನ ಪೆಟ್ಟಿಗೆಯ ಪಾಚಿ ಉಜ್ಜುವುದನ್ನು ಕಂಡಾಗ ನಾನು ಮುಖ ತಿರುಗಿಸಿಬಿಡುತ್ತಿದ್ದೆ. ಮಾವನನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅಪ್ಪನೂ ಅವನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದ.

ಮುಂದಿನದು ಅಪ್ಪ ನನಗೆ ಹೇಳಿದ್ದು. ಒಂದು ದೊಡ್ಡ ಮನೆಯಲ್ಲಿ ಯಜಮಾನಿ ಸಕ್ಕರ್ ಮೀನೊಂದನ್ನು ತೋರಿಸಿ, "ತುಂಬ ಬೆಳೆದುಬಿಡ್ತು, ಕೆರೆಗೆ ಬಿಟ್ಬಿಡಿ" ಎಂದಳಂತೆ. ಮಾವ ತಲೆ ತಗ್ಗಿಸಿಕೊಂಡೇ ಹೇಳಿದನಂತೆ, "ಆಗಲ್ಲಮ್ಮ. ದೊಡ್ಡ ತೊಟ್ಟಿ ತರಿಸಿ, ಇಲ್ಲ ಅಂಗಡಿಗೆ ವಾಪಸ್ ಕೊಡಿ. ಎರಡೂ ಬೇಡ ಅಂದ್ರೆ ನಾನೇ ಸಾಯಿಸ್ತೀನಿ."

"ಛೆ, ನೀನೇನು ಮನುಷ್ಯನೋ ಕಟುಕನೋ?" ಎಂದು ಆಕೆ ಮುಖ ಸಿಂಡರಿಸಿ ಅಪ್ಪನ ಕಡೆ ತಿರುಗಿದಳು. "ನೀವು ಹಿರಿಯರು, ನಿಮ್ಮ ಮುಖದಲ್ಲೇ ಕರುಣೆ ಕಾಣ್ಸತ್ತೆ. ನೀವೇ ಒಯ್ದು ಬಿಟ್ಬಿಡಿ."

ಅಪ್ಪ ಮೀನನ್ನು ಬಕೆಟ್ಟಿಗೆ ಹಾಕಿ ಎತ್ತಿಕೊಂಡು ಗೇಟಿನಾಚೆ ಬಂದ. ಕಲ್ಲೊಂದನ್ನು ಹುಡುಕಿ ಬಗ್ಗಿದಾಗ ಮಾವ ಬಂದು ಕಲ್ಲು ಇಸಿದುಕೊಂಡ. ಮೀನಿನ ತಲೆಗೆ ಒಂದೇ ಏಟು.

"ಸರಿಯಾಗಿ ಹೊಡೆದೆ" ಎಂದನಂತೆ ಅಪ್ಪ. "ಅದಕ್ಕೆ ನೋವಾಗಿಲ್ಲ." ಮಾವ ಗೇಟಿಗೆ ಒರಗಿ ಮಗುವಿನ ಹಾಗೆ ಅತ್ತ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾಗ ಬಾಗಿಲಲ್ಲಿ ಯಜಮಾನಿ ಕಾಣಿಸಿಕೊಂಡಳು. ತೊಟ್ಟಿ ಬಿಕೋ ಎನ್ನುತ್ತಿದೆಯಂತೆ, ನಾಳೆ ಬರುವಾಗ ಅದೇ ಜಾತಿಯದೊಂದು ಮರಿ ತರಬೇಕಂತೆ.