ಏರಿನಲ್ಲಿ ಕೈಕೊಡುವ ತಂಗಾಳಿ

ವರ್ಲೀನ್ ಹ್ಯಾಚ್ ಅರ್ಧ ಆಯುಷ್ಯ ಶಾಲೆಯ ಬಸ್ಸು ಓಡಿಸಿದವಳು. ತಾಮ್ರದ ಗಣಿಯ ಊರಾದ ಗ್ಲೋಬಿನಲ್ಲಿ ಅವಳಿಂದ ಬೈಸಿಕೊಳ್ಳದೆ ದೊಡ್ಡವರಾದವರೇ ಕಡಿಮೆ. ಅವಳು ಯಾರ ಮುಂದೆಯೂ ಕೈಚಾಚುವ ಪೈಕಿಯಲ್ಲ. ಆ ಜುಲೈನಲ್ಲಿ ಮಾತ್ರ ಬೇಲಿಯಾಚೆಯ ಎಫ್ರೈನ್ ಬುಸ್ತೋಸನ ಬಾಗಿಲು ಬಡಿದು, "ಓರಿನ್ ನನ್ನ ಕೈ ಬಿಟ್ಟು ಹೋಗ್ತಿದಾನೆ, ಏನಾದ್ರೂ ಮಾಡು," ಅಂದಳು.

ಗಂಡ ಓರಿನ್‌ನದು ನರಗಳ ಕಾಯಿಲೆ. ಮೈ ಬಿಸಿಯಾದರೆ ಸಾಕು, ಕಾಲುಗಳು ಸೋಲುತ್ತವೆ, ನಾಲಿಗೆ ತೊದಲುತ್ತದೆ, ಕಣ್ಣು ಮಂಜಾಗುತ್ತದೆ. ತಂಪಾದರೆ ಎಲ್ಲವೂ ಮರಳುತ್ತದೆ, ಈವರೆಗೆ ಮರಳಿತ್ತು. ಮಳೆಗಾಲದ ಸೆಕೆ ಶುರುವಾದ ಮೇಲೆ ಮನೆಯ ನೀರಿನ ಕೂಲರ್ ಒದ್ದೆ ಗಾಳಿ ಊದುತ್ತಿತ್ತು, ಅಷ್ಟೆ. ಈ ಸಲ ಹೋದ ದೃಷ್ಟಿ ಬೆಳಗಾದರೂ ಬರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ತಣ್ಣಗಿರುವ ಕಡೆ ಕರೆದುಕೊಂಡು ಹೋಗಿ.

ವರ್ಲೀನಳ ತಂಗಿ ನೇಡೀನಳ ಮನೆ ಬೆಟ್ಟದ ಮೇಲಿನ ಶೋ ಲೋದಲ್ಲಿ. ಅಲ್ಲಿ ಬೇಸಿಗೆಯಲ್ಲೂ ಹೊದಿಕೆ ಬೇಕು. ಹೋಗಲು ಸಾಲ್ಟ್ ನದಿಯ ಕಣಿವೆ ದಾಟಬೇಕು. ಎಫ್ರೈನನ ಬಾಗಿಲು ಬಡಿಯುವ ಹಿಂದಿನ ದಿನ ಹೊರಟಿದ್ದರು. ಏರು ಸಿಕ್ಕಿದ್ದೇ ತಡ, ಹಳೇ ಕಾರಿನ ತಣ್ಣನೆ ಗಾಳಿ ಮುಖ ಬಿಟ್ಟು ಮುಂಗಾಜಿಗೆ ಬಡಿಯತೊಡಗಿತು. ಓರಿನ್ ಸೀಟಿನಲ್ಲೇ ಕುಸಿದ. ಅವಳು ಗಾಡಿ ತಿರುಗಿಸಿದ್ದಳು.

"ನನ್ನ ಪಿಕಪ್ಪಲ್ಲಿ ಹೋಗ್ಬಹುದಿತ್ತು. ಅದಕ್ಕೆ ಕಿಟಕೀನೇ ಏಸಿ," ಅಂದ ಎಫ್ರೈನ್. ಅವಳ ಮಗಳ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತ ಅವನು. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅಂದರೆ ಧರ್ಮಪುತ್ರಿಯ ತಾಯಿ. "ಏರಲ್ಲಿ ಮುಂಚೆ ಹಿಂಗಾಗಿತ್ತಾ ಕೊಮಾದ್ರೆ?"

"ಏರಲ್ಲಿ ಏಸಿ ಹಾಕ್ಕೊಂಡು ಯಾವತ್ತು ಹೋಗಿದೀನಿ? ಎಂಜಿನ್ ಕುದಿಯತ್ತೆ ಅಂತ ಆರಿಸ್ತೀನಿ. ನೀನು ಆರಿಸಲ್ವಾ?"

"ಊರೆಲ್ಲ ಆರಿಸತ್ತೆ. ಅದಕ್ಕೇ ಗೊತ್ತಾಗಿಲ್ಲ. ಎಷ್ಟು ವರ್ಷದಿಂದ ಸೋರ್ತಿದೆಯೋ ಏನೋ."

ಆ ಕಾರಿನಲ್ಲಿ ಗಾಳಿಯನ್ನು ಮುಖಕ್ಕೆ ತಿರುಗಿಸುವ ಬಾಗಿಲನ್ನು ಎಂಜಿನ್ನಿನ ಹೀರುವ ಬಲವೇ ಎಳೆದು ಹಿಡಿಯುತ್ತದೆ. ಏರಿನಲ್ಲಿ ಆ ಬಲ ಕುಗ್ಗುತ್ತದೆ. ಅಂಥ ಹೊತ್ತಿಗೆಂದೇ ಒಂದು ಡಬ್ಬಿ ಅದನ್ನು ಕೂಡಿಟ್ಟುಕೊಂಡಿರುತ್ತದೆ. ಅದರ ಕೊಳವೆ ಎಲ್ಲಾದರೂ ಸೀಳಿದರೆ ಡಬ್ಬಿಯೂ ಬರಿದು, ಗಾಳಿ ಮುಂಗಾಜಿನ ಪಾಲು.

ಬಾನೆಟ್ಟಿನಡಿಯ ಕೊಳವೆಗಳನ್ನೆಲ್ಲ ಎಫ್ರೈನ್ ತಡವಿ ನೋಡಿದ. ಎಲ್ಲ ಗಟ್ಟಿಯಾಗಿದ್ದವು. ಉಳಿದದ್ದು ಡ್ಯಾಶ್‌ಬೋರ್ಡಿನ ಹಿಂದಿನ ದಾರದಂಥ ಕೊಳವೆಗಳು. ಅಲ್ಲಿ ಕಣ್ಣು ಹೋಗುವುದಿಲ್ಲ, ಕಿವಿಯೇ ಗತಿ. ಕೇಳಬೇಕೆಂದರೆ ಎಂಜಿನ್ ನಿಲ್ಲಿಸಬೇಕು. ಆದರೆ ಓರಿನ್ ಏಸಿ ಹಾಕಿದ ಕಾರಿನೊಳಗೇ ಕೂತಿದ್ದ. ಆ ಬೀದಿಯಲ್ಲಿ ಅವನಿಗೆ ಸಿಕ್ಕ ತಂಪಾದ ಜಾಗ ಅದೊಂದೇ.

ನಿಲ್ಲಿಸಿದರು. ನಾಲ್ಕು ಉಸಿರಿನಷ್ಟು ಹೊತ್ತು ಏನೋ ಬುಸುಗುಟ್ಟಿ ಸುಮ್ಮನಾಯಿತು. ಡಬ್ಬಿ ತುಂಬಲು ಮತ್ತೆ ಎಂಜಿನ್ ಓಡಿಸಿ ಮತ್ತೆ ನಿಲ್ಲಿಸಿದರು. ಎಫ್ರೈನನ ಕಿವಿ ಗಣಿಯ ಯಂತ್ರಗಳಿಗೆ ಎಂದೋ ಸಂದುಹೋಗಿತ್ತು. ವರ್ಲೀನಳಿಗೆ ಸದ್ದು ಕೇಳಿಸಿದರೂ ಅದು ಎತ್ತಲಿಂದ ಅನ್ನುವುದು ತಿಳಿಯಲಿಲ್ಲ.

"ನನ್ನ ಮೊಣಕಾಲ... ಹತ್ರ," ಅಂದ ಓರಿನ್. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಇನ್ನೊಂದ್ಸಲ ನಿಲ್ಸು."

"ಸಾಕು. ಸತ್ತೋಗ್ತೀಯ."

"ಕಣ್ಣಂತೂ ಹೋಯ್ತು. ಕಿವಿ ಇದೆ. ನಿಲ್ಸೇ."

ಕೀಲಿ ತಿರುಗಿಸುವಾಗ ತನ್ನ ಕೈಯಾರೆ ಅವನ ಕುತ್ತಿಗೆ ಹಿಸುಕುತ್ತಿದ್ದೇನೆ ಅನ್ನಿಸಿತು ಅವಳಿಗೆ. ಆ ಕೈಯನ್ನೂ, ಕಾರನ್ನೂ, ಹಟ ಹಿಡಿದು ಕೂತ ಅವನನ್ನೂ ಅವಳು ಒಟ್ಟಿಗೇ ದ್ವೇಷಿಸಿದಳು. ಓರಿನ್ ತಲೆ ವಾಲಿಸಿ ಕೇಳಿದ. "ಬಲಕ್ಕೆ... ಮೇಲೆ," ಅಂದ. ಆಮೇಲೆ ಅವನ ಬಾಯಿಂದ ಮಾತು ಹೊರಡಲಿಲ್ಲ.

ಎಫ್ರೈನ್ ಓರಿನ್‌ನ ಮುಂದಿದ್ದ ಡ್ಯಾಶ್‌ಬೋರ್ಡಿನ ಖಾನೆಯನ್ನು ಕಿತ್ತು ಕೈ ತೂರಿಸಿದ. ಬಾಗಿದ ಕಡೆ ಕೊಳವೆ ಸೀಳಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ಉಳಿದ ಎರಡೂ ತುದಿಗಳನ್ನು ರಬ್ಬರಿನ ನಳಿಕೆಯೊಂದರಲ್ಲಿ ಸಿಕ್ಕಿಸಿ ಕೂಡಿಸಿದ. ಎಂಜಿನ್ ಓಡಿಸಿ ನಿಲ್ಲಿಸಿ, ಬರೀ ಫ್ಯಾನ್ ಹಾಕಿದರು. ಡಬ್ಬಿ ಬಲ ಹಿಡಿದಿಟ್ಟಿತ್ತು, ಗಾಳಿ ಮುಖ ಬಿಟ್ಟು ಕದಲಲಿಲ್ಲ. ಎಫ್ರೈನ್ ಶಿಲುಬೆಯ ಗುರುತು ಹಾಕಿಕೊಂಡು, "ಹೊರಡು," ಅಂದ.

ಏರಿನಲ್ಲಿ ಅವಳ ಕೈ ತಾನಾಗಿ ಏಸಿಯ ಗುಂಡಿಗೆ ಹೋಯಿತು. ಅದನ್ನು ಹಿಂದೆಳೆದು ಸ್ಟೀರಿಂಗಿಗೆ ಒತ್ತಿ ಹಿಡಿದಳು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಸರಿಯುತ್ತಿತ್ತು. ಕಾರು ಸುಟ್ಟುಹೋಗಲಿ, ಇವನನ್ನು ಮೇಲೆ ಮುಟ್ಟಿಸಿ ಸಾಯಲಿ ಅಂದುಕೊಂಡಳು. ಕರೆದರೆ ಓರಿನ್ ಓಗೊಡಲಿಲ್ಲ. ಮತ್ತೆ ಕರೆಯಲು ಅವಳಿಗೆ ಧೈರ್ಯವಾಗಲಿಲ್ಲ.

ಕಣಿವೆ ಹಿಂದಾಯಿತು. ಪೈನ್ ಮರಗಳು ಶುರುವಾದವು. ಅವಳು ಒಂದಿಷ್ಟೂ ಸದ್ದಾಗದಂತೆ ತುಟಿ ಕಚ್ಚಿಕೊಂಡು ಅಳುತ್ತಿದ್ದಳು.

"ಕಣ್ಣೊರೆಸ್ಕೊಂಡು ಓಡಿಸೇ," ಅಂದ ಓರಿನ್.