ತಮಟೆಗೂ ಮುಂಚೆ ಬಂದ ಕಾನೂನು

ಮೊನ್ನೆ ಸೊಸೆ ರಾಗಿಹಿಟ್ಟಿನ ಡಬ್ಬಿ ತೆಗೆದಾಗ ಮುಗ್ಗಲು ವಾಸನೆ ಬಂತು. ಅವಳು ಮೂಗು ಮುಚ್ಚಿಕೊಂಡಳು. ನನಗೋ ನಂದಗುಡಿ ಪಕ್ಕದ ನಮ್ಮೂರ ಹಗೇವು ನೆನಪಾಯಿತು. ಹಗೇವು ಗೊತ್ತಲ್ಲ? ರಾಗಿ ತುಂಬಿ ಬಾಯಿ ಮುಚ್ಚುವ ನೆಲದೊಳಗಿನ ಗುಂಡಿ. ನಮ್ಮತ್ತೆ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಮನೆಯವರನ್ನೂ ನಂಬದ ಜೀವ ಅದು.

ಯುದ್ಧದ ಕಾಲ. ಮನೆಗೆ ಇಷ್ಟೇ ರಾಗಿ ಇಟ್ಟುಕೊಳ್ಳಬೇಕು, ಮಿಕ್ಕಿದ್ದು ಸರ್ಕಾರಕ್ಕೆ, ಗಾಡಿಯಲ್ಲಿ ಸಾಗಿಸುವಂತೆಯೂ ಇಲ್ಲ ಎಂಬ ಕಾನೂನು ಬರುತ್ತದೆಂದು ಸುದ್ದಿ. ಯಾವತ್ತಿನಿಂದ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಅನುಗೊಂಡನಹಳ್ಳಿಗೆ ಕೊಟ್ಟಿದ್ದ ನನ್ನ ನಾದಿನಿಯ ಮನೆಯಲ್ಲಿ ಕಾಳಿಲ್ಲ, ಕೈಗೂಸು ಬೇರೆ. ಕಾನೂನು ಬರುವುದರೊಳಗೆ ಮಗಳಿಗೆ ರಾಗಿ ಸೇರಬೇಕೆಂದು ಅತ್ತೆಯ ಹಟ.

“ತಮಟೆ ಬೀಳೋಗಂಟ ಕಾನೂನೂ ಇಲ್ಲ ಗೀನೂನೂ ಇಲ್ಲ,” ಎನ್ನುತ್ತಿದ್ದರು. ಕಂದಾಯವೇ ಆಗಲಿ, ಸಿಡುಬಿನ ಚುಚ್ಚುಮದ್ದೇ ಆಗಲಿ, ನಮ್ಮೂರಿಗೆ ಡಂಗುರದ ತಮಟೆಯ ಹಿಂದೆಯೇ ಬರುತ್ತಿದ್ದವು. ಪೇಟೆಯಿಂದ ಬಂದವಳೆಂದು ಜಂಬ ಪಡುತ್ತಿದ್ದ ನಾನೂ ಅದನ್ನೇ ನಂಬಿದ್ದೆ.

ಒಂದು ಬೆಳಿಗ್ಗೆ ಹಗೇವು ತೆಗೆದು ಗಾಡಿಗೆ ಮೂಟೆ ಏರಿಸುತ್ತಿದ್ದೆವು. ನೋಡಿದರೆ, ತಳವಾರ ಮುನಿಯಪ್ಪ ಚಾವಡಿ ಮುಂದೆ ತಮಟೆ ಕಾಯಿಸುತ್ತಿದ್ದಾನೆ! ಅತ್ತೆ ಓಡಿದರು.

“ಏನಪ್ಪಾ ಮುನಿಯಪ್ಪ, ಬರೀ ಹೊಟ್ಟೇಲಿ ಬಡೀತೀಯಾ? ಬಾ, ಮುದ್ದೆ ಉಂಡ್ಬಿಟ್ಟು ಹೋಗೀವಂತೆ.”

ಅವನು ನಿಧಾನವಾಗಿ ಉಂಡ. ಅಷ್ಟರಲ್ಲಿ ನಮ್ಮ ಯಜಮಾನರು ಗಾಡಿ ಹೊಡೆದುಕೊಂಡು ಊರು ದಾಟಿದರು. ಆಮೇಲೆ ತಮಟೆ ಬಿತ್ತು. ಸರ್ಕಾರಕ್ಕೇ ಟೋಪಿ ಹಾಕಿದೆನೆಂದು ಅತ್ತೆ ಮಧ್ಯಾಹ್ನವೆಲ್ಲ ನಗುತ್ತಿದ್ದರು.

ಸಂಜೆ ಗಾಡಿ ಬರಿದಾಗಿ ಬಂತು. ಹೊಸಕೋಟೆ ಹತ್ತಿರ ತಡೆದು ಮೂಟೆಗಳನ್ನು ಇಳಿಸಿಕೊಂಡಿದ್ದರು.

“ಗೆಜೆಟ್‌ನಲ್ಲಿ ಅಚ್ಚಾದ ದಿನದಿಂದ್ಲೇ ಜಾರಿಯಂತೆ ಕಣವ್ವ, ಹೋದ ವಾರವೇ,” ಎಂದರು ಯಜಮಾನರು. “ತಮಟೆ ಬರೀ ಹೇಳೋಕಂತೆ.”

ಅತ್ತೆ ಮಗನನ್ನು ಏನೂ ಅನ್ನಲಿಲ್ಲ. ನನ್ನತ್ತ ತಿರುಗಿದರು. “ನಿಮ್ಮಪ್ಪ ತಾಲ್ಲೂಕು ಕಚೇರಿ ಜವಾನ. ನಿಂಗೆ ಗೊತ್ತಿತ್ತು, ಅಲ್ವಾ?”

ಅಳುತ್ತಾ ಆಣೆ ಇಟ್ಟೆ, ನಂಬಲಿಲ್ಲ. ನಾದಿನಿ ಆ ವರ್ಷ ಗೆಣಸು ಬೇಯಿಸಿ ತಿಂದು ಕೂಸಿಗೆ ಹಾಲೂಡಿದಳು. ಅತ್ತೆ ಮತ್ತೆಂದೂ ನನ್ನನ್ನು ಹಗೇವಿನ ಹತ್ತಿರ ಬಿಡಲಿಲ್ಲ. ಆ ಸಿಟ್ಟು ನನಗೆ ಅವರು ಹೋದ ಮೇಲೂ ಆರಲಿಲ್ಲ.

ಮೊನ್ನೆ ಇದನ್ನೆಲ್ಲ ಸೊಸೆಗೆ ಹೇಳುತ್ತಾ ಕೂತಾಗ ಇನ್ನೊಂದು ನೆನಪು ಬಂತು. ಗಾಡಿ ಹೊರಡುವ ಮುನ್ನಾದಿನ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಕೈ ತೊಳೆಯುತ್ತಾ, “ಹಗೇವು ಇನ್ನೂ ತೆಗೆದಿಲ್ವೇನಮ್ಮ?” ಎಂದರು. “ನಾಳೆ ತೆಗೀತೀವಪ್ಪ, ತಮಟೆ ಬಿದ್ದಿಲ್ವಲ್ಲ,” ಎಂದೆ. ಏನೋ ಹೇಳಹೊರಟವರು, ಅತ್ತೆ ಬಂದದ್ದು ಕಂಡು ಮಜ್ಜಿಗೆ ಕುಡಿದು ಎದ್ದುಬಿಟ್ಟರು.

ಅಪ್ಪನಿಗೆ ಗೊತ್ತಿತ್ತು. ನೌಕರಿಯ ಭಯವೋ, ಬೀಗರ ಬಾಯಿಯ ಭಯವೋ, ಮಗಳನ್ನೂ ನಂಬಲಿಲ್ಲ. ಅತ್ತೆಯ ಮೇಲಿನ ಸಿಟ್ಟು ಮೊನ್ನೆ ಇಳಿಯಿತು. ಈಗ ಅಪ್ಪನ ಮೇಲೆ ಬಂದಿರುವ ಸಿಟ್ಟನ್ನು ಯಾರ ಹತ್ತಿರ ಹೇಳಿಕೊಳ್ಳಲಿ?