ನಾನು ಗುರುತಿಸಿದ ಹರಳು

ಆ ಉಂಗುರದಲ್ಲಿದ್ದದ್ದು ನಾನೇ ಮಾರಿದ ವಜ್ರ. ನೋಡಿದ ಕೂಡಲೇ ಗುರುತು ಹಿಡಿದೆ. ಗುರುತು ಹಿಡಿದ ಮೇಲೂ, ಎದುರಿಗೆ ನಿಂತಿದ್ದ ಹೆಣ್ಣುಮಗಳ ಮುಖ ನೋಡುತ್ತಲೇ, ಅದು ನಾವು ಕೊಟ್ಟ ಹರಳಲ್ಲ ಎಂದೆ. ಆಕೆ ಕಳ್ಳಿಯಾದಳು. ನಾನು ಸಂಜೆ ಮನೆಗೆ ಹೋಗಿ ಅಡುಗೆ ಮಾಡಿದೆ.

ಬಹಳ ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಗಂಡನಿಗೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದ ದಿನಗಳು ಇದ್ದವು. ತೆರೆದ ಬಾಯಿಂದ ಬೇರೇನೋ ಮಾತು ಬರುತ್ತಿತ್ತು. ನಲ್ಲಿ ನೀರು ಬಂತೇ, ಹಾಲು ತಂದಿರೇ — ಅಂಥದ್ದು.

ನಾನು ಹೊಸಪೇಟೆಯ ಒಂದು ಆಭರಣದಂಗಡಿಯಲ್ಲಿ ವಜ್ರದ ಕೌಂಟರಿನಲ್ಲಿದ್ದೆ. ಅದಿರಿನ ಲಾರಿಗಳಿಂದ ದುಡ್ಡು ಕಂಡಿದ್ದ ಮನೆಗಳವರು ಬಂಗಾರ ಸಾಕೆನಿಸಿ ವಜ್ರ ಕೇಳತೊಡಗಿದ್ದರು. ಅಂಗಡಿಯಲ್ಲಿ ವಜ್ರ ಬಲ್ಲವರು ಯಾರೂ ಇರಲಿಲ್ಲವೆಂದು ಮಾಲಕರು ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಕಲಿತದ್ದು ಇಷ್ಟು: ಭೂಮಿಯೊಳಗೆ ಹುಟ್ಟಿದ ವಜ್ರದಲ್ಲಿ ಏನಾದರೊಂದು ಕುಂದು ಇದ್ದೇ ಇರುತ್ತದೆ — ಸೂಜಿಮೊನೆಯಷ್ಟು ಚುಕ್ಕೆ, ಮೋಡದಂಥ ಮಸುಕು, ಒಳಗೇ ಬಿಟ್ಟ ಸೀಳು. ಹಕ್ಕಿಯ ಪುಕ್ಕದಂತೆ ಬೆಳ್ಳಗೆ ಕಾಣುವ ಆ ಸೀಳಿಗೆ ಗರಿ ಎನ್ನುತ್ತಿದ್ದೆವು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಭೂತಗನ್ನಡಿ ಹಿಡಿದಾಗ, ಪಳಗಿದ ಕಣ್ಣಿಗೂ ಬಹಳ ಹುಡುಕಿದ ಮೇಲೆ ಕುಂದು ಕಂಡರೆ ಅದು ವಿ.ವಿ.ಎಸ್. ಅದರ ಕೆಳಗಿನದು ವಿ.ಎಸ್. ಕನ್ನಡಿ ಹಿಡಿದರೆ ಸಲೀಸಾಗಿ ಕಾಣುವುದು ಎಸ್.ಐ. ಕನ್ನಡಿಯೇ ಬೇಡ, ಬರಿಗಣ್ಣಿಗೇ ಕಾಣುವುದು ಕೊನೆಯ ದರ್ಜೆ, ಐ.

ಎಸ್.ಐ. ಹರಳು ಕೊಳ್ಳುವುದು ತಪ್ಪೇನಲ್ಲ. ಬೆರಳಲ್ಲಿ ಅದೂ ಚೆನ್ನಾಗಿಯೇ ಹೊಳೆಯುತ್ತದೆ. ಸೀಳು ಅಂಚಿನವರೆಗೆ ಬಂದಿದ್ದರೆ ಪೆಟ್ಟು ಬಿದ್ದಾಗ ಒಡೆಯುವ ಭಯವುಂಟು. ಏನಿದ್ದರೂ ಇದ್ದದ್ದನ್ನು ಇದೆ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು. ಹೊರಗಿನ ಲ್ಯಾಬಿನವರು ಪರೀಕ್ಷೆ ಮಾಡಿದ ಪ್ರಮಾಣಪತ್ರ ಜೊತೆಗಿರಬೇಕು. ನಮ್ಮಲ್ಲಿ ಕೆಲವು ಹರಳುಗಳಿಗೆ ಅದು ಇರುತ್ತಿತ್ತು. ಉಳಿದವಕ್ಕೆ ಅಂಗಡಿಯ ಹೆಸರು ಅಚ್ಚಾದ ಒಂದು ಚೆಂದದ ಕಾರ್ಡು. ಅದರ ಮೇಲೆ ದರ್ಜೆ ಬರೆಯುತ್ತಿದ್ದವಳು ನಾನು.

ಸಂಡೂರಿನ ಶಾಂತಮ್ಮನವರು ಮಗ ವೀರೇಶನನ್ನೂ, ಅವನಿಗೆ ಗೊತ್ತಾಗಿದ್ದ ಹುಡುಗಿ ನಾಗವೇಣಿಯನ್ನೂ ಕರೆದುಕೊಂಡು ನಿಶ್ಚಿತಾರ್ಥದ ಉಂಗುರಕ್ಕೆ ಬಂದಿದ್ದರು. ಅವರದು ಲಾರಿಗಳ ಮನೆ. ನಾಗವೇಣಿಯ ತಂದೆ ಮರಿಯಮ್ಮನಹಳ್ಳಿಯಲ್ಲಿ ಟೇಲರ್. ಹುಡುಗ ಮೆಚ್ಚಿದ್ದಕ್ಕೆ ಒಪ್ಪಿದ ಸಂಬಂಧ ಎಂಬುದು ಶಾಂತಮ್ಮನವರ ಮಾತಿನಲ್ಲಿ ಆಗಾಗ ಇಣುಕುತ್ತಿತ್ತು. ನಾನು ಕಪ್ಪು ಬಟ್ಟೆಯ ಮೇಲೆ ಬಿಡಿ ಹರಳುಗಳನ್ನಿಟ್ಟೆ. ಶಾಂತಮ್ಮನವರು ಒಂದನ್ನು ಆರಿಸಿದರು. ನಾಗವೇಣಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

"ಅಕ್ಕಾರ, ಆ ಕನ್ನಡ್ಯಾಗ ನಾನೂ ನೋಡ್ಲೇನ್ರಿ?"

ಕನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟೆ. ಆಕೆ ಉಸಿರು ಬಿಗಿಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಈ ಅಂಚಿನ್ಯಾಗ ಬೆಳ್ಳಗ ದಾರದ ಎಳಿಯಂಗ ಏನೋ ಕಾಣತೈತಲ್ರಿ?"

ಶಾಂತಮ್ಮನವರು ನಕ್ಕರು. "ಟೇಲರ್ ಮಗಳಲ್ಲ, ಎಲ್ಲಾದ್ರಾಗೂ ದಾರಾನ ಕಾಣತೈತಿ."

ನಾನೂ ನಕ್ಕೆ. "ಅದು ಲೈಟಿನ ಹೊಳಪವ್ವ. ಹೊಸಬರ ಕಣ್ಣಿಗೆ ಹಂಗ ಕಾಣತೈತಿ."

ಆಕೆ ನಾಚಿ ಕನ್ನಡಿ ಕೆಳಗಿಟ್ಟಳು. ಆಕೆ ಕಂಡದ್ದು ಸೀಳು. ಅಂಚಿಗೆ ಮುಟ್ಟಿದ್ದ ಗರಿ. ಆ ಹರಳನ್ನು ಎಸ್.ಐ. ಎನ್ನುವುದೂ ಉದಾರತನವೇ. ನಾನು ಕಾರ್ಡಿನ ಮೇಲೆ ವಿ.ವಿ.ಎಸ್. ಎಂದು ಬರೆದೆ. ಮಾಲಕರು ಹಾಗೆ ಹೇಳಿದ್ದರು, ನಿಜ. ಆದರೆ ಹರಳನ್ನು ಕಚ್ಚಿ ಹಿಡಿಯುವ ಚಿನ್ನದ ಹಲ್ಲುಗಳಲ್ಲಿ ಒಂದನ್ನು ಸರಿಯಾಗಿ ಆ ಸೀಳಿನ ಮೇಲೇ ಕೂರಿಸಿ ಎಂದು ಕೆಲಸಗಾರನಿಗೆ ಹೇಳಿದ್ದು ಮಾಲಕರಲ್ಲ. ಅದು ನನಗೇ ಹೊಳೆದ ಉಪಾಯ. ಹೊಳೆದಾಗ ಒಂದಿಷ್ಟು ಹೆಮ್ಮೆಯೂ ಆಗಿತ್ತು.

ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಬೆಳಿಗ್ಗೆ, ಅಂಗಡಿಯ ಪೂಜೆ ಆಗಷ್ಟೇ ಮುಗಿದಿತ್ತು, ಆ ಮೂವರೂ ಬಂದರು. ಉಂಗುರವನ್ನು ದೊಡ್ಡ ಹರಳಿನದಕ್ಕೆ ಬದಲಾಯಿಸೋಣವೆಂದು ಬಳ್ಳಾರಿಯ ಅಂಗಡಿಯೊಂದಕ್ಕೆ ಒಯ್ದಿದ್ದರಂತೆ. ಅಲ್ಲಿ ಹರಳು ಬಿಡಿಸಿ ನೋಡಿದವರು, ಕಾರ್ಡಿನಲ್ಲಿ ಬರೆದದ್ದೇ ಬೇರೆ, ಈ ಹರಳೇ ಬೇರೆ ಎಂದಿದ್ದರು. ಆ ವರ್ಷ ನಾಗವೇಣಿ, ತಂದೆಗೆ ಹುಷಾರಿಲ್ಲವೆಂದು ತಿಂಗಳುಗಟ್ಟಲೆ ತವರಿನಲ್ಲಿದ್ದಳು. ಅದೇ ಹೊತ್ತಿಗೆ ಆಕೆಯ ತಮ್ಮ ಒಂದು ಆಟೋ ಕೊಂಡಿದ್ದ. ಒಳ್ಳೆಯ ಹರಳು ಮಾರಿ ತಮ್ಮನಿಗೆ ಆಟೋ ಕೊಡಿಸಿದ್ದಾಳೆ ಎಂದು ಶಾಂತಮ್ಮನವರ ಮನೆಯಲ್ಲಿ ಲೆಕ್ಕ ಆಗಲೇ ಮುಗಿದಿತ್ತು. ನನ್ನಿಂದ ಬೇಕಾಗಿದ್ದದ್ದು ಒಂದು ಮಾತು ಮಾತ್ರ.

ಮಾಲಕರು ಹರಳನ್ನು ನನ್ನ ಮುಂದೆ ಸರಿಸಿದರು. "ನೋಡಿ ಹೇಳವ್ವ ರೇಣುಕಾ. ನೀನ ಕೊಟ್ಟಾಕಿ, ನಿನಗ ಗೊತ್ತಿರತೈತಿ." ಅಷ್ಟು ಹೇಳಿ ಕುರ್ಚಿಗೆ ಒರಗಿ ಕುಳಿತರು.

ಕನ್ನಡಿ ಹಿಡಿದೆ. ಗರಿ ಇತ್ತು. ಮೊದಲು ಹೇಗಿತ್ತೋ ಹಾಗೆಯೇ. ಹರಳುಗಳೂ ಮನುಷ್ಯರ ಹಾಗೆ — ಒಮ್ಮೆ ಸರಿಯಾಗಿ ನೋಡಿದ್ದನ್ನು ಮತ್ತೆ ಬೇರೆಯದೆಂದು ತಿಳಿಯುವುದು ಸಾಧ್ಯವಿಲ್ಲ.

ಆಗ ನಾಗವೇಣಿ ಕೌಂಟರಿನ ಹತ್ತಿರ ಬಂದಳು. "ಅಕ್ಕಾರ, ಅವತ್ತ ನಾ ನಿಮ್ಮನ್ನ ಕೇಳಿದ್ನಲ್ರಿ, ಅಂಚಿನ್ಯಾಗ ಏನೋ ಕಾಣತೈತಿ ಅಂತ. ನೀವು ಲೈಟಿನ ಹೊಳಪು ಅಂದ್ರಿ. ನೆನಪು ಮಾಡ್ಕೊಳ್ರಿ."

ಶಾಂತಮ್ಮನವರಿಗೂ ಅದು ನೆನಪಿದ್ದಿರಬೇಕು; ಅವರೇ ನಕ್ಕಿದ್ದರಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಹೆದರಿದ್ದೆ ಎಂದು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ — ಕೆಲಸ ಹೋದೀತು, ಪೊಲೀಸರು ಬಂದಾರು ಎಂದು. ಹೆದರಿಕೆ ಇತ್ತು. ಆದರೆ ಅದಷ್ಟೇ ಆಗಿರಲಿಲ್ಲ. ಅಂಗಡಿಯಲ್ಲಿ ವಜ್ರ ಬಲ್ಲವಳು ಎಂದರೆ ನಾನೊಬ್ಬಳೇ, ನಾನು ಹೇಳಿದ್ದೇ ನಿಜ — ಆ ಕುರ್ಚಿಯಿಂದ ಇಳಿಯಲು ನನಗೆ ಮನಸ್ಸಿರಲಿಲ್ಲ.

"ನನಗ ಅಂಥಾದ್ದೇನೂ ನೆನಪಿಲ್ಲ," ಎಂದೆ. "ಇದು ನಾವು ಕೊಟ್ಟ ಹರಳಲ್ಲ."

"ನನ್ನ ಮುಖ ನೋಡಿ ಹೇಳ್ರಿ, ಅಕ್ಕಾರ."

ನೋಡಿದೆ. ನೋಡಿಯೇ ಎರಡನೆಯ ಸಲವೂ ಹೇಳಿದೆ.

ಆಕೆ ಅಳಲಿಲ್ಲ. ಕೌಂಟರಿನಿಂದ ಹಿಂದೆ ಸರಿದಳು. ವೀರೇಶ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋದ. ಶಾಂತಮ್ಮನವರು ಹರಳನ್ನು ಕಾಗದದಲ್ಲಿ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಸೊಸೆಯ ಕಡೆ ತಿರುಗದೆ, "ನಡಿ" ಎಂದರು.

ಮುಂದಿನದೆಲ್ಲ ಗಿರಾಕಿಗಳ ಬಾಯಿಂದ ಕೇಳಿದ್ದು. ಆಕೆಯನ್ನು ತವರಿಗೆ ಬಿಟ್ಟುಬಂದರಂತೆ. ಆ ಊರಲ್ಲೇ ನ್ಯಾಯ ತೀರ್ಮಾನಕ್ಕೆ ಹಿರಿಯರು ಕೂಡಿದರಂತೆ, ಅಲ್ಲಿಯೂ, ಅಂಗಡಿಯವರೇ ಹೇಳಿದ್ದಾರಲ್ಲ ಎಂಬ ನನ್ನ ಮಾತೇ ನಡೆಯಿತಂತೆ. ವೀರೇಶನಿಗೆ ಬೇರೆ ಮದುವೆಯಾಯಿತು. ನಾನು ಅದೇ ಕೌಂಟರಿನಲ್ಲಿ ಕುಳಿತು, "ಹೌದೇನ್ರಿ, ಪಾಪ" ಎನ್ನುತ್ತ ಇನ್ನೊಬ್ಬರಿಗೆ ಓಲೆ ತೋರಿಸುತ್ತಿದ್ದೆ. ಮಾಲಕರು ಆ ವಿಷಯ ಮತ್ತೆ ಎತ್ತಲಿಲ್ಲ. ನನ್ನನ್ನು ಕೌಂಟರಿಗೆ ಮುಖ್ಯಸ್ಥೆ ಮಾಡಿದರು. ಮಾಡಿಸಿಕೊಂಡೆ.

ಮಾಲಕರು ತೀರಿಕೊಂಡಾಗ ನನ್ನಲ್ಲಿ ಉಳಿದಿದ್ದ ನೆಪವೂ ಹೋಯಿತು. ಅಂಗಡಿ ಮುಚ್ಚಿತು. ಇನ್ನು ನನ್ನ ಕೆಲಸ ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ. ಆದರೂ ನಾನು ನಾಗವೇಣಿಯ ಹತ್ತಿರ ಹೋಗಲಿಲ್ಲ. ಇನ್ನೂ ಬಹಳ ದಿನ ಹೋಗಲಿಲ್ಲ. ಆಗಲೇ ತಿಳಿದದ್ದು — ನನ್ನನ್ನು ತಡೆದದ್ದು ಮಾಲಕರಾಗಿರಲಿಲ್ಲ ಎಂದು.

ನಾಗವೇಣಿ ಕಂಪ್ಲಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆಂದು ಕೇಳಿದ್ದೆ. ಹೋದ ಬೇಸಿಗೆಯಲ್ಲಿ ಬಸ್ಸು ಹತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿ. ಒಂದೇ ಕೋಣೆ, ಒಂದು ಮಷೀನು. ಆಕೆ ತಲೆಯೆತ್ತಿದಳು. ಗುರುತು ಹೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

"ಕುಂದ್ರಿ," ಎಂದಳು.

ಕುಳಿತು ಹೇಳಿದೆ. ಗರಿ, ಕಾರ್ಡು, ಚಿನ್ನದ ಹಲ್ಲು — ಎಲ್ಲ. ಆಕೆ ಮಷೀನು ನಿಲ್ಲಿಸಿ, ತೊಡೆಯ ಮೇಲಿದ್ದ ರವಿಕೆಗೆ ಕೈಯಿಂದ ಕೊಕ್ಕೆ ಹಚ್ಚುತ್ತ ಕೇಳಿದಳು. ನಾನು ಮುಗಿಸಿದ ಮೇಲೂ ಕೊಕ್ಕೆ ಹಚ್ಚುತ್ತಲೇ ಇದ್ದಳು.

"ನಮ್ಮಪ್ಪ ನನ್ನ ನಂಬಿದ್ದ," ಎಂದಳು ಕೊನೆಗೆ. "ನನ್ನ ತಮ್ಮ ಅಂತೂ ಆಟೋದ ರೊಕ್ಕ ಎಲ್ಲಿಂದ ಬಂತು ಅಂತ ಎಲ್ಲಾರಿಗೂ ಲೆಕ್ಕ ಒಪ್ಪಿಸಿದ. ನಮ್ಮವ್ವ ಒಬ್ಬಾಕಿ ನಂಬಲಿಲ್ಲ. ಅಷ್ಟ ದೊಡ್ಡ ಅಂಗಡಿಯವರು ಸುಳ್ಳು ಯಾಕ ಹೇಳ್ತಾರ ಅಂತಿದ್ಲು. ಹಾಸಿಗಿ ಹಿಡಿದಾಗನೂ ದಿನಾ ಅದ ಕೇಳ್ತಿದ್ಲು. ಖರೇ ಹೇಳಿಬಿಡವ್ವ, ದೇವರು ತಪ್ಪು ಒಪ್ಪಿಕೊಂಡೋರನ್ನ ಕೈ ಬಿಡೋದಿಲ್ಲ ಅಂತ."

ದಾರ ಕಡಿದು, ಹೊಸದು ಪೋಣಿಸಿದಳು.

"ಕಡೀಕ ಒಂದಿನ ಅಂದುಬಿಟ್ಟೆ. ಹೌದವ್ವ, ನಾನ ಮಾರೀನಿ ಅಂತ. ಹೋಗೋ ಜೀವಕ್ಕ ಸಮಾಧಾನ ಆಗಲಿ ಅಂತ ಅಂದೆ. ನನ್ನ ತಲೀ ಮ್ಯಾಲ ಕೈ ಇಟ್ಟು, ಇನ್ನ ಹಗುರಾತು ಅಂದ್ಲು. ಮರುದಿನ ಹೋದ್ಲು."

ನಾನು ಕುರ್ಚಿಯಿಂದ ಇಳಿದು ಆಕೆಯ ಕಾಲಿನ ಕಡೆ ಬಾಗಿದೆ. ಆಕೆ ಕಾಲು ಹಿಂದಕ್ಕೆಳೆದುಕೊಂಡಳು.

"ಬ್ಯಾಡ್ರಿ. ನೀವು ಕಾಲಿಗೆ ಬಿದ್ದು ಎದ್ದು ಹೋದ್ರ ನಿಮಗ ಹಗುರಾಗತೈತಿ. ನನಗೇನಾಗತೈತಿ? ಯಾರ ಮುಂದ ಆ ಮಾತು ಅಂದ್ರೋ, ಅವರ ಮುಂದ ಹೋಗಿ ಹೇಳ್ರಿ. ನಾ ಬರಂಗಿಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಯಾರೋ ಹುಡುಗಿ ಅಳತೆ ಕೊಡಲು ಬಂದಳು. ಆಕೆ ಎದ್ದು ಟೇಪು ತೆಗೆದುಕೊಂಡಳು.

ಸಂಡೂರಿಗೆ ಹೋದೆ. ಶಾಂತಮ್ಮನವರಿಗೆ ವಯಸ್ಸಾಗಿದೆ, ಮಂಡಿ ನೋವು. ವೀರೇಶ ಪಕ್ಕದಲ್ಲಿ ನಿಂತಿದ್ದ. ಒಳಗಿನಿಂದ ಮಕ್ಕಳು ಟಿ.ವಿ. ನೋಡುವ ಸದ್ದು. ನಾನು ಹೇಳುವಾಗ ಶಾಂತಮ್ಮನವರು ಒಮ್ಮೆಯೂ ತಡೆಯಲಿಲ್ಲ. ಬೈದಾರು ಎಂದುಕೊಂಡಿದ್ದೆ. ಬೈಸಿಕೊಳ್ಳಲೆಂದೇ ಹೋಗಿದ್ದೆನೇನೋ. ಅವರು ಎದ್ದು ನಡುಮನೆಯ ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಈಗ ಇದನ್ನ ತಗದು ಏನು ಮಾಡೋದೈತಿ, ಹೇಳ್ರಿ. ಒಳಗ ಸೊಸಿ ಅದಾಳ, ಮೊಮ್ಮಕ್ಕಳದಾವು. ನಮ್ಮ ಮುಂದ ಹೇಳಿದ್ರಿ, ನಾವು ಕೇಳಿದ್ವಿ. ಮುಗೀತು. ಹೊರಗ ಯಾರ ಮುಂದೂ ಆಡಬ್ಯಾಡ್ರಿ."

ವೀರೇಶ ಗೇಟಿನವರೆಗೆ ಬಂದ. ಅಲ್ಲಿ ಧೂಳು ಹಿಡಿದ ದಾಸವಾಳದ ಗಿಡದ ಹತ್ತಿರ ನಿಂತು, ನನ್ನ ಕಡೆ ನೋಡದೆ, "ಅವತ್ತ ಬರತ ಕಾರಿನ್ಯಾಗ ಆಕಿ ನನ್ನ ಕೇಳಿದ್ಲು," ಎಂದ. "ನೀವರ ನಂಬ್ತೀರೇನು ಅಂತ. ನಾ ಕಿಟಕಿ ಹೊರಗ ನೋಡ್ತಾ ಕುಂತೆ." ಆಮೇಲೆ, "ಆಕಿ ಹ್ಯಾಂಗ ಅದಾಳ್ರಿ?" ಎಂದು ಕೇಳಿದ.

"ಹೊಲಿಗಿ ಮಾಡ್ತಾಳ," ಎಂದೆ. ಬೇರೆ ಏನನ್ನೂ ಹೇಳುವ ಅಧಿಕಾರ ನನಗಿರಲಿಲ್ಲ.

ಹೊಸಪೇಟೆಗೆ ಬರುವ ಬಸ್ಸಿನಲ್ಲಿ ನನ್ನ ಮೈಯೆಲ್ಲ ಸಡಿಲವಾಗಿತ್ತು. ಹೇಳಿಬಿಟ್ಟೆ, ಅವರೇ ಮುಗಿಯಿತು ಎಂದರು, ಇನ್ನೇನು — ಹೀಗೆ ಒಂದು ನೆಮ್ಮದಿ. ಘಾಟಿ ಇಳಿಯುವ ಹೊತ್ತಿಗೆ ಆ ನೆಮ್ಮದಿಯನ್ನು ಕಂಡು ನನಗೇ ಹೇಸಿಗೆಯಾಯಿತು. ಅವರು ಕೇಳಿದ್ದು ನನ್ನ ಮೌನವನ್ನು. ನಾನು ಎಂದೂ ಧಾರಾಳವಾಗಿ ಕೊಟ್ಟದ್ದೂ ಅದೊಂದನ್ನೇ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾಗವೇಣಿ ಯಾವ ಹರಳನ್ನೂ ಮಾರಿಲ್ಲ, ಬದಲಾಯಿಸಿಲ್ಲ. ಆಕೆ ನಿಜ ಹೇಳಿದಳು. ನಾನು ಸುಳ್ಳು ಹೇಳಿದೆ. ಆಕೆಯ ತಾಯಿಗೆ ಇದನ್ನು ಮುಟ್ಟಿಸಲು ಈಗ ದಾರಿಯಿಲ್ಲ. ಬಾಕಿ ಉಳಿದವರು ಮರಿಯಮ್ಮನಹಳ್ಳಿಯಲ್ಲಿದ್ದಾರೆ — ಅಂದು ಕೂಡಿದ ಹಿರಿಯರಲ್ಲಿ ಕೆಲವರು, ಅಕ್ಕಪಕ್ಕದ ಮನೆಯವರು, ಆ ತಮ್ಮ. ಈ ವಾರ ಹೋಗುತ್ತೇನೆ. ಆ ಬೀದಿಯಲ್ಲಿ ನನ್ನನ್ನು ಯಾರೂ ಒಳಗೆ ಕರೆಯಲಿಕ್ಕಿಲ್ಲ. ಕರೆದರೂ ಒಳಗೆ ಹೋಗುವುದಿಲ್ಲ. ಬೀದಿಯಲ್ಲೇ ನಿಂತು ಹೇಳುತ್ತೇನೆ. ಹೆಚ್ಚು ಮನೆಗಳಿಗೆ ಕೇಳಿಸೀತು.